ಹಳೆ ಡಬ್ಬಾ ಟೀವಿ ಬಿಚ್ಚುವ ಮುಂಚೆ ಏನೇನು ನೋಡಿಕೊಳ್ಳಬೇಕು? ಬಲ್ಲವರು ಹೇಳಿ

ಪ್ರಶ್ನೆ, ಕಲಬುರಗಿಯಿಂದ

ಶರಣು ಎಲ್ಲರಿಗೂ. ಇಲ್ಲೇ ಐಟಿಐ ಓದುತ್ತಿದ್ದೇನೆ, ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಟ್ರೇಡ್. ಆಳಂದ ಕಡೆ ನಮ್ಮ ಹಳ್ಳಿಮನೆಯಲ್ಲಿ 21 ಇಂಚಿನ ಹಳೆ ಕಲರ್ ಟೀವಿ ಇದೆ, ಡಬ್ಬಾ ಟೀವಿ. ಮಳೆಗಾಲದಿಂದ ಪೂರ್ತಿ ಡೆಡ್. ಕೆಂಪು ಲೈಟೂ ಬರಲ್ಲ. ಹೊಸದು ತರೋಣ ಅಂದರೆ ಆಯಿ ಒಪ್ಪಲ್ಲ, ಅದನ್ನೇ ರಿಪೇರಿ ಮಾಡು ಅನ್ನುತ್ತಾಳೆ. ಸಾಲ್ಡರಿಂಗ್, ಮಲ್ಟಿಮೀಟರ್ ಗೊತ್ತು. ಆದರೆ ಪಿಕ್ಚರ್ ಟ್ಯೂಬ್ ಇರುವ ಸೆಟ್ ಬಿಚ್ಚಿಲ್ಲ. ಪ್ಲಗ್ ಕಿತ್ತು ಒಂದು ದಿನ ಬಿಟ್ಟರೆ ಸಾಕು, ಏನೂ ಆಗಲ್ಲ ಅಂತ ಗೆಳೆಯರು ಹೇಳುತ್ತಾರೆ. ಹೌದಾ? ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಕಲಬುರಗಿ, ಸೂಪರ್ ಮಾರ್ಕೆಟ್ ಹತ್ತಿರದ ರಿಪೇರಿ ಅಂಗಡಿಯಿಂದ

ತಮ್ಮಾ, ಬಿಚ್ಚುವ ಮುಂಚೆ ಕೇಳಿದ್ದು ಒಳ್ಳೆಯದಾಯ್ತು. ಗೆಳೆಯರ ಮಾತು ಅರ್ಧ ಸರಿ. ಒಂದು ದಿನ ಬಿಟ್ಟು ಬಿಚ್ಚುತ್ತೀಯ, ಸರಿ. ಆಮೇಲೆ? ಒಂದು ಪಾರ್ಟ್ ಬದಲಿಸಿ ಆನ್ ಮಾಡುತ್ತೀಯ. ಬರಲಿಲ್ಲ ಅಂತ ಆಫ್ ಮಾಡುತ್ತೀಯ. ತಕ್ಷಣ ಬೋರ್ಡ್ ತಿರುಗಿಸಿ ಕೈ ಹಾಕುತ್ತೀಯ. ಹೊಡೆಯುವುದು ಆಗ.

ನಿನ್ನ ಸೆಟ್ ಡೆಡ್ ಆಗಿದೆ ಅಂದೆಯಲ್ಲ, ಅದಕ್ಕೇ ನನಗೆ ಜಾಸ್ತಿ ಕಾಳಜಿ. ಪ್ಲಗ್ ಕಿತ್ತ ಮೇಲೆ ನೋಡಿದರೆ ಓಡುವ ಟೀವಿಗಿಂತ ಡೆಡ್ ಟೀವಿಯೇ ಅಪಾಯ. ಕರೆಂಟ್ ಒಳಗೆ ಬಂದ ಕೂಡಲೇ ರೆಕ್ಟಿಫೈಯರ್ ಅದನ್ನು ಡಿಸಿ ಮಾಡಿ ದೊಡ್ಡ ಕೆಪಾಸಿಟರಿಗೆ ತುಂಬುತ್ತದೆ. 230 ವೋಲ್ಟ್ ಎಸಿ ಅಲ್ಲಿ ಸುಮಾರು 320 ವೋಲ್ಟ್ ಡಿಸಿ ಆಗುತ್ತದೆ. ಸೆಟ್ ಓಡುತ್ತಿದ್ದರೆ ಪ್ಲಗ್ ಕಿತ್ತ ಮೇಲೂ ಎಸ್‌ಎಂಪಿಎಸ್, ಅಂದರೆ ಸೆಟ್ಟಿನ ಪವರ್ ಸಪ್ಲೈ, ಅದನ್ನು ಎಳೆದುಕೊಂಡು ಖಾಲಿ ಮಾಡುತ್ತದೆ. ಡೆಡ್ ಸೆಟ್ಟಿನಲ್ಲಿ ಎಳೆಯುವವರು ಯಾರು? ಡೆಡ್ ಆಗಲು ಒಂದು ಮಾಮೂಲಿ ಕಾರಣವೇ ಪವರ್ ಸಪ್ಲೈ ಶುರು ಮಾಡುವ ಸ್ಟಾರ್ಟಿಂಗ್ ರೆಸಿಸ್ಟರ್ ಓಪನ್ ಆಗುವುದು, ಅಂದರೆ ಒಳಗೆ ಕಡಿದುಹೋಗುವುದು. ಅದು ಓಪನ್ ಆದರೆ ಚಾರ್ಜ್ ಇಳಿಯುವ ದಾರಿಯೂ ಬಂದ್. ಗಂಟೆಗಟ್ಟಲೆ ಹಾಗೇ ಕೂತಿರಬಹುದು. ಹಾಗಾಗಿ ಎಷ್ಟು ಹೊತ್ತು ಕಾದೆ ಅನ್ನುವುದು ಲೆಕ್ಕಕ್ಕಿಲ್ಲ, ಮೀಟರಿನಲ್ಲಿ ನೋಡಿದ್ದೇ ಲೆಕ್ಕ.

ಬೋರ್ಡಿನಲ್ಲಿ ಎಲ್ಲಕ್ಕಿಂತ ದಪ್ಪ ಕೆಪಾಸಿಟರ್ ಹುಡುಕು. ಮೇಲೆ 400 ವೋಲ್ಟ್ ಅಂತ ಇರುತ್ತದೆ, ಸಾಮಾನ್ಯವಾಗಿ 100ರಿಂದ 220 ಮೈಕ್ರೋಫ್ಯಾರಡ್. ಮೀಟರನ್ನು 1000 ವೋಲ್ಟ್ ಡಿಸಿ ರೇಂಜಿಗೆ ಇಟ್ಟು ಅದರ ಎರಡು ಕಾಲಿನ ಮೇಲೆ ನೋಡು. ವೋಲ್ಟೇಜ್ ಇದ್ದರೆ ರೆಸಿಸ್ಟರ್ ಹಚ್ಚಿ ಇಳಿಸು. ನಾನು 2.2 ಕಿಲೋಓಮ್, 10 ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರಿಗೆ ಎರಡು ವೈರ್ ಬೆಸೆದು, ಬೆಸುಗೆಯ ಮೇಲೆ ಸ್ಲೀವ್ ಏರಿಸಿ ಇಟ್ಟುಕೊಂಡಿದ್ದೇನೆ. ಕೆಲವು ಸೆಕೆಂಡ್ ಹಿಡಿದರೆ ಇಳಿಯುತ್ತದೆ. ಹಿಡಿದು ತೆಗೆದ ಮೇಲೆ ಮತ್ತೆ ಮೀಟರ್ ಹಚ್ಚು. ಪ್ರತಿ ಸಲ ಆನ್ ಮಾಡಿ ಆಫ್ ಮಾಡಿದ ಮೇಲೂ ಇದೇ ಕೆಲಸ, ಬೇಜಾರು ಮಾಡಿಕೊಳ್ಳಬೇಡ. ಸ್ಕ್ರೂಡ್ರೈವರಿನಲ್ಲಿ ಶಾರ್ಟ್ ಮಾಡುವವರನ್ನು ನೋಡಿರುತ್ತೀಯ. ಹಾಗೆ ಮಾಡಬೇಡ. ಟ್ರ್ಯಾಕ್ ಸುಟ್ಟು ಹಾರುತ್ತದೆ, ಕರಗಿದ ಲೋಹ ಕಣ್ಣಿಗೆ ಸಿಡಿಯಬಹುದು.

ಮೊದಲ ಸಲ ಆನ್ ಮಾಡುವಾಗ 100 ವ್ಯಾಟಿನ ಸೀರೀಸ್ ಬಲ್ಬ್ ಹಾಕು, ಅಂದರೆ ಕರೆಂಟ್ ಬಲ್ಬಿನ ಮೂಲಕವೇ ಸೆಟ್ಟಿಗೆ ಹೋಗಬೇಕು. ಹಳೆ ಫಿಲಮೆಂಟ್ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯಲ್ಲ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಪಾರ್ಟ್ ಉಳಿಯುತ್ತದೆ. ಡಿಗಾಸಿಂಗ್ ಕಾಯಿಲಿನ (ಆನ್ ಆದಾಗ ಟ್ಯೂಬಿನ ಕಾಂತತ್ವ ತೆಗೆಯುವ ಸುರುಳಿ) ಪ್ಲಗ್ ತೆಗೆದಿಡು, ಇಲ್ಲದಿದ್ದರೆ ಅದು ಎಳೆಯುವ ಕರೆಂಟಿಗೇ ಬಲ್ಬ್ ಉರಿದು ದಾರಿ ತಪ್ಪುತ್ತೀಯ. ಆದರೆ ಸೀರೀಸ್ ಬಲ್ಬ್ ಕಾಯುವುದು ಪಾರ್ಟನ್ನು, ನಿನ್ನನ್ನಲ್ಲ. ನಿನ್ನನ್ನು ಕಾಯಲು ಸೆಟ್ಟನ್ನು ಲೈನಿನಿಂದ ಬೇರೆ ಮಾಡುವ 230ಕ್ಕೆ 230 ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಬೇಕು. ಮನೆಯಲ್ಲಿ ಸ್ಟೆಬಿಲೈಸರ್ ಇದೆ ಅಂತ ಧೈರ್ಯ ಮಾಡಬೇಡ. ಅದರೊಳಗೆ ಇರುವುದು ಆಟೋ ಟ್ರಾನ್ಸ್‌ಫಾರ್ಮರ್, ಲೈನಿನಿಂದ ಬೇರೆ ಮಾಡಲ್ಲ. ಐಸೊಲೇಶನ್ ಇದ್ದರೂ ಎರಡು ಕೈಯಿಂದ ಎರಡು ಕಡೆ ಮುಟ್ಟಿದರೆ ಶಾಕ್ ಹೊಡೆದೇ ಹೊಡೆಯುತ್ತದೆ. ಆನ್ ಇದ್ದಾಗ ಒಂದೇ ಕೈ, ಇನ್ನೊಂದು ಬೆನ್ನ ಹಿಂದೆ.

ಉಂಗುರ, ವಾಚು, ಕಡಗ ತೆಗೆದಿಡು ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಕಡೆ ಬಹಳ ಜನರ ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ಇರುತ್ತದಲ್ಲ, ಅದರ ಬಗ್ಗೆ ಯಾರೂ ಹೇಳಲ್ಲ. ಬಗ್ಗಿದಾಗ ಅಂಗಿಯಿಂದ ಹೊರಗೆ ಜೋತು ನೇರ ಬೋರ್ಡಿನ ಮೇಲೆ ಬರುತ್ತದೆ. ಲಿಂಗ ತೆಗೆದಿಡು ಅಂತ ನಾನು ಹೇಳುವುದಿಲ್ಲ. ಬನಿಯನ್ನಿನ ಒಳಗೆ ಬಿಟ್ಟು, ಅಂಗಿಯ ಗುಂಡಿ ಮೇಲಿನವರೆಗೆ ಹಾಕಿಕೊಂಡು ಕೂಡು. ಇನ್ನು ಹಳ್ಳಿಮನೆ ಅಂದರೆ ಶಹಾಬಾದ್ ಫರಸಿ ನೆಲ ಇರುತ್ತದೆ. ಅದರ ಮೇಲೆ ಬರಿಗಾಲಲ್ಲಿ ಕೂತು ಈ ಕೆಲಸ ಬೇಡ. ಒರೆಸಿದ ಫರಸಿ ಮೇಲೆ ಒಣಗಿದಂತೆ ಕಂಡರೂ ಸಂದಿಯಲ್ಲಿ ತೇವ ಇರುತ್ತದೆ. ಮರದ ಟೇಬಲ್, ಕಾಲಿಗೆ ರಬ್ಬರ್ ಚಪ್ಪಲಿ, ಕೆಳಗೆ ಒಣ ಹಲಗೆ. ನಮ್ಮ ಬೇಸಿಗೆಯಲ್ಲಿ ಕೈ ಬೆವರುತ್ತಲೇ ಇರುತ್ತದೆ, ಪಕ್ಕದಲ್ಲಿ ಟವೆಲ್ ಇಟ್ಟುಕೋ. ಬೆವರಿದ ಕೈಗೆ ಶಾಕ್ ಜೋರು.

ಪ್ರಶ್ನೆ ಕೇಳಿದವರು

ಕಾಕಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಪಿಕ್ಚರ್ ಟ್ಯೂಬಿನಲ್ಲೂ ಚಾರ್ಜ್ ಇರುತ್ತದೆ ಅಂತ ಕೇಳಿದ್ದೇನೆ. ಅದನ್ನೂ ಮೀಟರಿನಲ್ಲೇ ನೋಡಬಹುದಾ?

ಬೀದರ್‌ನಿಂದ, ಹಿಂದೆ ಸರ್ವಿಸ್ ಸೆಂಟರಿನಲ್ಲಿ ಕೆಲಸ ಮಾಡಿದವಳು

ಬೇಡ ತಮ್ಮಾ, ಅಲ್ಲಿ ಮೀಟರ್ ಹಚ್ಚಲೇಬೇಡಿ! ನಿಮ್ಮ ಮೀಟರ್ 1000 ವೋಲ್ಟಿನದು. 21 ಇಂಚಿನ ಕಲರ್ ಟ್ಯೂಬಿನಲ್ಲಿ 20ರಿಂದ 25 ಸಾವಿರ ವೋಲ್ಟ್ ಇರುತ್ತದೆ. ಮೀಟರ್ ಹಿಡಿದ ಕೈಗೇ ಹಾರುತ್ತದೆ. ಅದಕ್ಕೆ ಹೈ ವೋಲ್ಟೇಜ್ ಪ್ರೋಬ್ ಬೇರೆಯೇ ಬರುತ್ತದೆ.

ಟ್ಯೂಬಿನ ಗಾಜಿನ ಒಳಗೂ ಹೊರಗೂ ಕಪ್ಪು ಲೇಪ ಇದೆ, ನಡುವೆ ಗಾಜು. ಅದೇ ಒಂದು ಕೆಪಾಸಿಟರ್. ಹೊರಗಿನ ಲೇಪವನ್ನು ಒತ್ತಿಕೊಂಡು ಜಡೆಯಂತೆ ಹೆಣೆದ ತಾಮ್ರದ ವೈರ್ ಹೋಗಿರುತ್ತದೆ, ಅದೇ ಟ್ಯೂಬಿನ ಅರ್ತ್. ಪ್ಲಗ್ ಕಿತ್ತು ಇಟ್ಟು, ಒಂದು ವೈರಿನ ಕ್ಲಿಪ್ಪನ್ನು ಮೊದಲು ಈ ಹೆಣೆದ ವೈರಿಗೇ ಹಾಕಿ. ಬೋರ್ಡಿನ ಅರ್ತಿಗೆ ಹಾಕಿದರೆ ಐಸಿ ಹೋಗಬಹುದು. ಇನ್ನೊಂದು ತುದಿಯನ್ನು ಉದ್ದ ಹಿಡಿಕೆಯ ಚಪ್ಪಟೆ ಸ್ಕ್ರೂಡ್ರೈವರಿನ ಲೋಹಕ್ಕೆ ಕಟ್ಟಿ. ಒಂದೇ ಕೈಯಲ್ಲಿ ಹಿಡಿಕೆ ಹಿಡಿದು ಟ್ಯೂಬಿಗೆ ದಪ್ಪ ವೈರ್ ಬಂದು ಸೇರುವಲ್ಲಿನ ರಬ್ಬರ್ ಟೊಪ್ಪಿಗೆಯ ಅಂಚಿನಿಂದ ಒಳಗೆ ಜಾರಿಸಿ, ಅದರೊಳಗಿನ ಲೋಹದ ಕ್ಲಿಪ್ಪಿಗೆ ತಾಗುವವರೆಗೆ. ಚಾರ್ಜ್ ಇದ್ದರೆ ಚಟ್ ಅನ್ನುತ್ತದೆ. ಸದ್ದು ಬರದಿದ್ದರೆ ಇಲ್ಲ ಅಂತಲ್ಲ, ತಾಗಿದೆಯೋ ಇಲ್ಲವೋ ನೋಡಿ. ಐದು ನಿಮಿಷ ಬಿಟ್ಟು ಮತ್ತೊಮ್ಮೆ ಮಾಡಿ, ಗಾಜಿನಲ್ಲಿ ಉಳಿದ ಚಾರ್ಜ್ ತಿರುಗಿ ಮೇಲೆ ಬರುತ್ತದೆ. ಹೈ ವೋಲ್ಟೇಜಿಗೆ ಆಗುವ ಮೆಗಾಓಮ್ ರೆಸಿಸ್ಟರ್ ನಡುವೆ ಹಾಕಿದರೆ ಇನ್ನೂ ಒಳ್ಳೆಯದು.

ಈ ಶಾಕಿಗಿಂತ ಅದು ಹೊಡೆದಾಗ ಕೈ ಝಾಡಿಸುತ್ತೇವಲ್ಲ, ನನಗೆ ಅದರ ಭಯ ಜಾಸ್ತಿ. ಕೈ ಹೋಗಿ ಟ್ಯೂಬಿನ ಕತ್ತಿಗೆ ಬಡಿಯುತ್ತದೆ. ಒಳಗೆ ನಿರ್ವಾತ. 21 ಇಂಚಿನ ಪರದೆಯ ಮೇಲೆ ಹೊರಗಿನ ಗಾಳಿ ಒತ್ತುವುದೇ ಒಂದು ಟನ್‌ಗಿಂತ ಜಾಸ್ತಿ. ಹಿಂದಿನ ಕವರ್ ತೆಗೆದ ಮೇಲೆ ಕಣ್ಣಿಗೆ ಕನ್ನಡಕ ಇರಲೇಬೇಕು. ಮಕ್ಕಳು ಆ ಕೋಣೆಯಲ್ಲಿ ಬೇಡ.

ಇನ್ನೊಂದು, ಇದನ್ನು ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಟ್ಯೂಬಿನ ಹೈ ವೋಲ್ಟೇಜ್ ಹುಟ್ಟಿಸುವ ಭಾಗದ ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್ ಪಕ್ಕ 1.6 ಅಥವಾ 2 ಕಿಲೋವೋಲ್ಟಿನ ಕೆಪಾಸಿಟರ್ ಇರುತ್ತದೆ. ಅದನ್ನು ಬದಲಿಸಿದರೆ ಅದೇ ವ್ಯಾಲ್ಯೂ, ಅದೇ ವೋಲ್ಟ್ ಹಾಕಿ. ಕಡಿಮೆ ವ್ಯಾಲ್ಯೂ ಹಾಕಿದರೆ ಟ್ಯೂಬಿನ ವೋಲ್ಟೇಜ್ ಏರುತ್ತದೆ, ಎಕ್ಸ್-ರೇ ಹೆಚ್ಚುತ್ತದೆ. ಸುಮ್ನೆ ಹೆದರಿಸುತ್ತಿಲ್ಲ. 1967ರಲ್ಲಿ ಅಮೆರಿಕದಲ್ಲಿ ಕಲರ್ ಟೀವಿಗಳಿಂದ ಎಕ್ಸ್-ರೇ ಸೋರಿದ್ದು ಗೊತ್ತಾಗಿ 1968ರಲ್ಲಿ ಕಾನೂನೇ ಬಂತು. ಟ್ಯೂಬಿನ ಮುಂದಿನ ಗಾಜಿನ ದಪ್ಪ ಇದನ್ನು ತಡೆಯಲೂ ಇದೆ, ಆದರೆ ಸರಿಯಾದ ವೋಲ್ಟೇಜಿನ ಲೆಕ್ಕಕ್ಕೆ. ಸರ್ಕ್ಯೂಟ್ ಚಿತ್ರದಲ್ಲಿ ತ್ರಿಕೋನದೊಳಗೆ ಆಶ್ಚರ್ಯಸೂಚಕ ಗುರುತು ಇರುವ ಪಾರ್ಟ್‌ಗಳಿಗೆ ಬದಲಿ ಹುಡುಕಬೇಡಿ. ಫ್ಯೂಸೂ ಅಷ್ಟೇ. ಹೋದ ಫ್ಯೂಸಿಗೆ ತಾಮ್ರದ ಎಳೆ ಸುತ್ತುವುದು ನಮ್ಮ ಊರುಗಳಲ್ಲಿ ಇನ್ನೂ ನಿಂತಿಲ್ಲ, ಅದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಯಾದಗಿರಿಯಿಂದ, ಹಳೆ ಟೀವಿ ಕೂಡಿಸಿಡುವವರು

ನನ್ನ ಹತ್ತಿರ ಬ್ಲ್ಯಾಕ್ ಅಂಡ್ ವೈಟ್ ಸೆಟ್‌ಗಳೇ ಜಾಸ್ತಿ. 1975-76ರ ಉಪಗ್ರಹ ಪ್ರಯೋಗದಲ್ಲಿ ಆಗಿನ ಗುಲಬರ್ಗಾ ಜಿಲ್ಲೆಯ ಹಳ್ಳಿಗಳಿಗೂ ಟೀವಿ ಬಂದಿತ್ತು, ಆ ಕಾಲದ ಸೆಟ್ ಅಂದರೆ ನನಗೆ ಜೀವ. ಕೆಲವು ಹಳೆ ಸೆಟ್‌ಗಳಲ್ಲಿ ಚಾಸಿಸ್ಸೇ (ಒಳಗಿನ ಲೋಹದ ಚೌಕಟ್ಟು) ಲೈನಿಗೆ ಸೇರಿರುತ್ತದೆ. ಎರಡು ಪಿನ್ನಿನ ಪ್ಲಗ್ ತಿರುಗಿಸಿ ಹಾಕಿದರೆ ಸಾಕು, ಇಡೀ ಚಾಸಿಸ್ ಫೇಸ್ ಆಗುತ್ತದೆ. ಹಾಗಾಗಿ ಆನ್ ಮಾಡಿದ ಕೂಡಲೇ ಟೆಸ್ಟರ್ ಹಚ್ಚಿ ನೋಡಿ. ಮೊದಲು ಕೇಬಲ್ ವೈರ್ ಕಿತ್ತಿಡಿ, ಅದರಿಂದಲೂ ಶಾಕ್ ಬರುತ್ತದೆ.

ಎತ್ತುವಾಗ ಪರದೆ ನಿಮ್ಮ ಎದೆಯ ಕಡೆ ಇರಲಿ, ಭಾರ ಎಲ್ಲ ಅಲ್ಲೇ ಇದೆ. ಟ್ಯೂಬನ್ನು ಕತ್ತು ಹಿಡಿದು ಎತ್ತಬೇಡಿ. ರಿಪೇರಿ ಆಗದಿದ್ದರೆ ಟ್ಯೂಬಿನ ಕತ್ತಿನ ಸುತ್ತ ಇರುವ ಯೋಕ್ ಸುರುಳಿಯ ತಾಮ್ರಕ್ಕಾಗಿ ಗುಜರಿಯವರು ಟ್ಯೂಬ್ ಒಡೆಯುತ್ತಾರೆ, ಅವರಿಗೆ ಕೊಡಬೇಡಿ. ಗಾಜಿನಲ್ಲಿ ಸೀಸ ಇದೆ, ಒಳಗಿನ ಪುಡಿ ಉಸಿರಿಗೆ ಹೋಗುತ್ತದೆ. ನೋಂದಾಯಿತ ಇ-ತ್ಯಾಜ್ಯದವರಿಗೆ ಸೆಟ್ ಇಡಿಯಾಗಿಯೇ ಕೊಡಿ.

ಕಲಬುರಗಿ, ರಿಪೇರಿ ಅಂಗಡಿಯಿಂದ ಮತ್ತೆ

ಬೀದರ್ ಅಕ್ಕ ಹೇಳಿದ ಫ್ಯೂಸಿನಿಂದಲೇ ಶುರು ಮಾಡು ತಮ್ಮಾ. ಒಬ್ಬನೇ ಕೂಡಬೇಡ. ಮೇನ್ ಸ್ವಿಚ್ ಎಲ್ಲಿದೆ ಅಂತ ಗೊತ್ತಿರುವ ದೊಡ್ಡವರೊಬ್ಬರು ಬಾಗಿಲ ಹತ್ತಿರ ಇರಲಿ. ನಿನಗೆ ಏನಾದರೂ ಆದರೆ ಮೊದಲು ಮೇನ್ ಆಫ್ ಮಾಡಬೇಕು, ಅದಕ್ಕೂ ಮುಂಚೆ ನಿನ್ನನ್ನು ಮುಟ್ಟಬಾರದು, ಆಮೇಲೆ 108ಕ್ಕೆ ಫೋನ್ ಅಂತ ಅವರಿಗೆ ಮೊದಲೇ ಹೇಳಿಡು.

ಕವರ್ ತೆಗೆದು, ಅಕ್ಕ ಹೇಳಿದಂತೆ ಟ್ಯೂಬ್ ಇಳಿಸಿ, ದೊಡ್ಡ ಕೆಪಾಸಿಟರ್ ಮೀಟರಿನಲ್ಲಿ ಸೊನ್ನೆಗೆ ಬಂದ ಮೇಲೆ ಫ್ಯೂಸ್ ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡು. ಗಾಜು ಕಪ್ಪಾಗಿದ್ದರೆ ಒಳಗೆ ಶಾರ್ಟ್ ಇದೆ, ಹೊಸ ಫ್ಯೂಸ್ ಹಾಕಿ ಆನ್ ಮಾಡಬೇಡ. ಫ್ಯೂಸ್ ಚೆನ್ನಾಗಿದ್ದರೆ ನಾನು ಹೇಳಿದ ಸ್ಟಾರ್ಟಿಂಗ್ ರೆಸಿಸ್ಟರ್ ಮೇಲೆ ಅನುಮಾನ. ಇವೆರಡರಲ್ಲಿ ಯಾವುದು ಅಂತ ಬೋರ್ಡಿನ ಫೋಟೋ ಜೊತೆ ಇಲ್ಲಿ ಹಾಕು, ಮುಂದಿನದು ಹೇಳುತ್ತೇನೆ.