'ಅಂಗವೈಕಲ್ಯ' ಒಂದೇ, ಅಳತೆ ಮೂರು: ಕರಾರುಪತ್ರದಲ್ಲಿ ಯಾವ ಪದ ಬರೆಯಲಿ?

ಪದಬಲ್ಲವರಿಗೆ ನಮಸ್ಕಾರ. ಬನಹಟ್ಟಿಯಿಂದ ಬರೆಯುತ್ತಿದ್ದೇನೆ. ಬಾಂಡ್ ಬರೆಯುವುದು, ಕಾಗದಪತ್ರ ಅನುವಾದ ಮಾಡುವುದು ನನ್ನ ಹೊಟ್ಟೆಪಾಡು.

ನಮ್ಮ ಓಣಿಯ ಕಾಕಾ ಒಬ್ಬರು ಪವರ್‌ಲೂಮ್ ನೇಕಾರರು. ಗಿಯರಿಗೆ ಸಿಕ್ಕು ಎಡಗೈ ಹೆಬ್ಬೆರಳು ಹೋಯಿತು. ಹೋದ ತಿಂಗಳು ಒಂದು ಕ್ಯಾರಿಬ್ಯಾಗ್ ತುಂಬ ಕಾಗದ ತಂದು ನನ್ನ ಮುಂದೆ ಸುರಿದು, "ತಮ್ಮಾ, ಎಲ್ಲಾದರಾಗೂ ಅಂಗವೈಕಲ್ಯ ಅಂತನ ಐತಿ. ಒಬ್ಬರು ರೊಕ್ಕ ಬರತೈತಿ ಅಂತಾರ, ಒಬ್ಬರು ಬರಂಗಿಲ್ಲ ಅಂತಾರ. ಶಬ್ದ ಒಂದ ಇದ್ದ ಮ್ಯಾಲ ಮಾತ್ಯಾಕ ಬ್ಯಾರೆ?" ಅಂದರು. ಅರ್ಜಿಯೊಂದರ ಕೊನೆಗೆ 'ಎಡಗೈ ಹೆಬ್ಬೆಟ್ಟಿನ ಗುರುತು' ಎಂಬ ಚೌಕ ಖಾಲಿ ಉಳಿದಿತ್ತು. ಅದನ್ನು ನಾನೂ ನೋಡಿದೆ, ಅವರೂ ನೋಡಿದರು.

ಕಾಕಾನ ಪ್ರಶ್ನೆಗೆ ಉತ್ತರ ಹುಡುಕಲು ಇಂಗ್ಲಿಷ್ ಮೂಲಗಳನ್ನೇ ತೆಗೆಯಬೇಕಾಯಿತು. ಅಲ್ಲಿ ಇಂಪೇರ್‌ಮೆಂಟ್, ಡಿಸೆಬಿಲಿಟಿ, ಡಿಸೇಬಲ್‌ಮೆಂಟ್ ಎಂದು ಬೇರೆ ಬೇರೆ ಪದಗಳಿವೆ. ನಮ್ಮ ಫಾರಂಗಳಲ್ಲಿ ಮೂರಕ್ಕೂ ಅಂಗವೈಕಲ್ಯವೇ.

1923ರ ಕಾರ್ಮಿಕರ ಪರಿಹಾರ ಕಾಯ್ದೆಯನ್ನು ನೋಡಿ. ಅದರ ವಿಷಯ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. 1923ರ ಕಾಯ್ದೆಯ ಅನುಸೂಚಿಯಲ್ಲಿ ಹೆಬ್ಬೆರಳಿಗೆ ಶೇ. 30, ಇಡೀ ತೋರುಬೆರಳಿಗೆ ಶೇ. 14, ಒಂದು ಕೈಯ ನಾಲ್ಕು ಬೆರಳಿಗೆ ಶೇ. 50 ಎಂದು ಪಟ್ಟಿ ಇದೆ. ಕಟುಕರ ಅಂಗಡಿಯ ದರಪಟ್ಟಿಯಂತೆ ಕಾಣುತ್ತದೆ ನಿಜ. ಆದರೆ ಆ ಶೇಕಡಾ ಬೆರಳಿನದಲ್ಲ, ಗಳಿಸುವ ಶಕ್ತಿ ಎಷ್ಟು ಹೋಯಿತು ಎಂಬುದರದು. ಈ ಕಾಯ್ದೆ ಹೇಳುವ ಸಂಪೂರ್ಣ ಡಿಸೇಬಲ್‌ಮೆಂಟ್ ಎಂದರೂ ಮೈಯೆಲ್ಲ ಜಖಂ ಎಂದಲ್ಲ. ಅಪಘಾತದ ಹೊತ್ತಿಗೆ ಏನೇನು ಕೆಲಸ ಮಾಡಬಲ್ಲವನಾಗಿದ್ದನೋ ಅದ್ಯಾವುದನ್ನೂ ಮಾಡಲಾಗದ ಸ್ಥಿತಿ ಎಂದು ಅರ್ಥ. ಎಡಗೈ ಮೊಣಕೈ ಮೇಲಿನಿಂದ ಕತ್ತರಿಸಿಹೋದ ಬಡಗಿಯೊಬ್ಬರ ದಾವೆಯಲ್ಲಿ 1975ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಒಂದೇ ಕೈಯಲ್ಲಿ ಬಡಿಗತನ ನಡೆಯುವುದಿಲ್ಲ, ಆದ್ದರಿಂದ ನಷ್ಟ ಪೂರ್ತಿ ನೂರು. 2010ರ ಇನ್ನೊಂದು ತೀರ್ಪು ಇನ್ನೂ ಬಿಡಿಸಿ ಹೇಳಿತು: ಎಡಗೈ ಹೋದರೆ ದೇಹದ ಲೆಕ್ಕದಲ್ಲಿ ಶೇ. 60ರಷ್ಟು ಇರಬಹುದು, ಆದರೆ ಡ್ರೈವರನಿಗೋ ಬಡಗಿಗೋ ಗಳಿಕೆಯ ಲೆಕ್ಕದಲ್ಲಿ ಹೆಚ್ಚುಕಡಿಮೆ ನೂರು. ಸರ್ಕಾರಿ ಗುಮಾಸ್ತನಿಗಾದರೆ ನೌಕರಿಯೇ ಉಳಿದೀತು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ದಾರಿಯೇ ಬೇರೆ. 1995ರ ಕಾಯ್ದೆಯಲ್ಲಿ 7 ಇದ್ದ ಬಗೆಗಳು ಇದರಲ್ಲಿ 21 ಆದವು. ಇದರ ಪ್ರಕಾರ ದೀರ್ಘಕಾಲದ ಊನವೊಂದೇ ಸಾಲದು. ಆ ಊನ ಮತ್ತು ಸುತ್ತಲಿನ ಅಡೆತಡೆ ಎರಡೂ ಸೇರಿ, ಎಲ್ಲರಂತೆ ಬಾಳದಂತೆ ಮಾಡಬೇಕು. ಅಂದರೆ ಕಚೇರಿಯ ಮೆಟ್ಟಿಲೂ ವ್ಯಾಖ್ಯೆಯೊಳಗೆ ಬಂತು! ಮೀಸಲಾತಿಯಂಥ ಸೌಲಭ್ಯಕ್ಕೆ ಮಾತ್ರ ಸರ್ಟಿಫಿಕೇಟಿನಲ್ಲಿ ಶೇ. 40 ಇರಬೇಕು. ಕಾಕಾನದು ಅಲ್ಲಿಗೆ ಮುಟ್ಟಲಿಲ್ಲ.

ವಿಮೆಯದು ಮೂರನೆಯ ಅಳತೆ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾದಲ್ಲಿ 'ಭಾಗಶಃ' ಎಂದರೆ ಒಂದು ಕಣ್ಣಿನ ದೃಷ್ಟಿ, ಇಲ್ಲವೇ ಒಂದು ಕೈ ಅಥವಾ ಪಾದದ ಬಳಕೆ ಪೂರ್ತಿ ಹೋಗಿರಬೇಕು. ಆಗ 1 ಲಕ್ಷ. ಕಾಕಾ 'ಭಾಗಶಃ' ಅನ್ನುವುದನ್ನು ಕೈಯ ಒಂದು ಭಾಗ ಎಂದು ಓದಿಕೊಂಡಿದ್ದರು. ಕನ್ನಡ ಬಲ್ಲ ಯಾರೇ ಆದರೂ ಹಾಗೇ ಓದುತ್ತಾರೆ. ಅವರ ತಪ್ಪೇನು?

ಈಗ ನನ್ನ ಫಜೀತಿ. ಕಾಕಾನ ಪ್ರಸಂಗ ನೋಡಿದ ಕೆಲವು ನೇಕಾರರು, ಮಾಲೀಕರೊಬ್ಬರು ಕೂಡಿ ಒಂದು ಕರಾರುಪತ್ರ ಬರೆದುಕೊಡು ಅಂದಿದ್ದಾರೆ. ಕಾಯ್ದೆಯ ಪರಿಹಾರ ಬೇಡವೆಂದು ಬರೆಸಿಕೊಳ್ಳುವ ಕರಾರು ನಿಲ್ಲುವುದಿಲ್ಲ, ಅದು ಅವರಿಗೂ ಗೊತ್ತು. ಆ ಪರಿಹಾರದ ಮೇಲೆ ಮಾಲೀಕರು ಇನ್ನೇನು ಕೊಡುತ್ತಾರೆ ಎಂಬುದಕ್ಕೆ ಒಂದು ಕಲಮು ಬೇಕು. 'ಕೆಲಸದ ವೇಳೆ ಅಂಗವೈಕಲ್ಯ ಉಂಟಾದಲ್ಲಿ' ಎಂದು ಬರೆದರೆ ನಾಳೆ ಮತ್ತದೇ ಜಗಳ. ಮುರಿದ ಎಳೆಗೆ ಗಂಟು ಹಾಕುವುದು ಹೆಬ್ಬೆರಳು ತೋರುಬೆರಳುಗಳ ನಡುವಿನ ಕೆಲಸ. ವೈದ್ಯರ ಶೇಕಡಾ ಎಷ್ಟಾದರೂ ಇರಲಿ, ಕಾಕಾ ಈಗ ಕಂಡಿಕೆ (ನೂಲಿನ ಸುರುಳಿ) ಸುತ್ತುತ್ತಾರೆ, ಮಗ್ಗದ ಮುಂದೆ ನಿಲ್ಲುವುದಿಲ್ಲ.

ನಾನು ಯೋಚಿಸಿದ್ದು ಹೀಗೆ. ದೇಹಕ್ಕೆ ಆದ ಇಂಪೇರ್‌ಮೆಂಟಿಗೆ 'ಊನ'. ಹಕ್ಕಿನ ಕಾಯ್ದೆಯ ಅರ್ಥಕ್ಕೆ ಮಾತ್ರ 'ಅಂಗವೈಕಲ್ಯ'. ಡಿಸೇಬಲ್‌ಮೆಂಟಿಗೆ 'ದುಡಿಮೆಕುಂದು'. 'ಅಶಕ್ತತೆ' ಅನ್ನೋಣವೆಂದರೆ ಜ್ವರ ಬಂದವನೂ ಅಶಕ್ತನೇ. 'ಕುಂದು' ಅಂದಕೂಡಲೇ ಕುಂದುಕೊರತೆ ಸಭೆ ನೆನಪಾಗುತ್ತದೆಂದು ಗೆಳೆಯರೊಬ್ಬರು ನಕ್ಕರು; ನನಗೇನೂ ಅಡ್ಡಿ ಕಾಣಲಿಲ್ಲ.

'ವಿಕಲಚೇತನ' ಇಲಾಖೆಯ ಹೆಸರಿನಲ್ಲೇ ಇದೆ, ಆದರೆ ಕರಾರಿಗೆ ಒಗ್ಗದು. ವಿಕಲ ಎಂದರೆ ಒಂದು ಅಂಶ ಕಡಿಮೆಯಾದದ್ದು. ಅಂಗಕ್ಕೆ ಆದ ಊನವನ್ನು ಚೇತನಕ್ಕೆ ಅಂಟಿಸುವುದು ಗೌರವದ ಮಾತು ಹೇಗಾಯಿತೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಬೆಳಗಾವಿ ಕಡೆಯ ಬೀಗರು ಮರಾಠಿಯ 'ಅಪಂಗ' ಅನ್ನುತ್ತಾರೆ. ಕಾಕಾನನ್ನು ಕೇಳಿದರೆ, "ಬೆರಳ ಮೊಂಡ ಆಗೇತಿ, ನಾ ಅಲ್ಲ" ಅಂದರು.

ಇನ್ನೊಂದು ತೊಡಕು. 1963ರ ಕಾಲಮಿತಿ ಕಾಯ್ದೆಯ 'ಲೀಗಲ್ ಡಿಸೆಬಿಲಿಟಿ'ಗೆ 'ಕಾನೂನಾತ್ಮಕ ಅಂಗವೈಕಲ್ಯ' ಎಂದು ಬರೆದ ಅನುವಾದ ನನ್ನ ಕೈಗೆ ಬಂದಿತ್ತು. ಅಲ್ಲಿ ಹೇಳಿರುವುದು ಅಪ್ರಾಪ್ತರು, ಬುದ್ಧಿ ಸ್ವಾಧೀನವಿಲ್ಲದವರ ಮಾತು. ಕೈಕಾಲಿಗೆ ಸಂಬಂಧವೇ ಇಲ್ಲ. ಹದಿನೇಳರ ಹುಡುಗನಿಗೆ ಯಾವ ಅಂಗ ಊನ? ಅದನ್ನು 'ಅಸಾಮರ್ಥ್ಯ' ಎಂದು ತಿದ್ದಿದೆ.

ಬಲ್ಲವರಲ್ಲಿ ಕೇಳುವುದಿಷ್ಟು: 'ದುಡಿಮೆಕುಂದು' ಕೋರ್ಟಿನ ಕಾಗದದಲ್ಲಿ ನಿಂತೀತೇ? ಇದೇ ಅರ್ಥಕ್ಕೆ ಹಳೆಯ ಗಿರಣಿ ಕಾಗದಗಳಲ್ಲಿ, ಮುಖ್ಯವಾಗಿ ಗೋಕಾಕ ಕಡೆ, ಬೇರೆ ಪದ ಬಳಕೆಯಲ್ಲಿತ್ತೇ? 'ಭಾಗಶಃ' ಅನ್ನುವುದನ್ನು ಬಿಟ್ಟು 'ಒಂದು ಕೈ ಅಥವಾ ಒಂದು ಪಾದ ಪೂರ್ತಿ' ಎಂದೇ ಬಿಡಿಸಿ ಬರೆದರೆ ವಕೀಲರು ಒಪ್ಪುತ್ತಾರೆಯೇ? ಬರುವ ಸೋಮವಾರ ಸ್ಟಾಂಪ್ ಪೇಪರ್ ತರುತ್ತಾರೆ, ಅಷ್ಟರೊಳಗೆ ತಿಳಿಸಿದರೆ ಉಪಕಾರ.