ಸಾಮಾನು ತೆಗೆದಷ್ಟೂ ಮೇಲೇಳುವ ಸ್ಪ್ರಿಂಗ್ ಬಿನ್: ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಈ ವಾರ ಗುಂಪಿನ ಪ್ರಶ್ನೆಗಳಿಗೆ ಉತ್ತರಿಸುತ್ತಿರುವವರು ಸ್ಪ್ರಿಂಗ್ ಟ್ರಾಲಿ ಮತ್ತು ಬಿನ್‌ಗಳ ವಿನ್ಯಾಸ ಮಾಡುವ ಮೆಕ್ಯಾನಿಕಲ್ ಎಂಜಿನಿಯರ್. ಬಿನ್ ಒಳಗಿನ ತಳಹಲಗೆ ಸ್ಪ್ರಿಂಗ್‌ಗಳ ಆಧಾರದಲ್ಲಿ ನಿಂತಿರುತ್ತದೆ. ಸಾಮಾನು ತುಂಬಿದಂತೆ ಕೆಳಗಿಳಿಯುತ್ತದೆ, ತೆಗೆದಂತೆ ಮೇಲೇಳುತ್ತದೆ. ಹಾಗಾಗಿ ಸಾಮಾನಿನ ಮೇಲ್ಮಟ್ಟ ಯಾವಾಗಲೂ ಕೈಗೆಟಕುವ ಎತ್ತರದಲ್ಲೇ ಇರುತ್ತದೆ. ಇಂದಿನ ವಿಷಯ ಇದು.

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಪ್ಲಾಸ್ಟಿಕ್ ಮುಚ್ಚಳ ಮಾಡುವ ಸಣ್ಣ ಘಟಕ. ಮೆಷಿನ್‌ನಿಂದ ಬಂದ ಮುಚ್ಚಳಗಳನ್ನು ಬಿನ್‌ಗೆ ಸುರಿಯುತ್ತೇವೆ, ಪ್ಯಾಕಿಂಗ್‌ನವರು ಬಾಚಿ ತೆಗೆಯುತ್ತಾರೆ. ಬಿನ್ ಅರ್ಧ ಖಾಲಿಯಾದ ಮೇಲೆ ಅವರು ಹೊಟ್ಟೆಯನ್ನು ಅಂಚಿಗೆ ಒತ್ತಿಕೊಂಡು ತಲೆ ಒಳಗೆ ಹಾಕಬೇಕು. ಅದನ್ನು ನೋಡಲಾಗದೆ ಬಿನ್ ಒಳಗೆ ಒಂದು ಹಲಗೆ ಇಟ್ಟು, ನಾಲ್ಕು ಮೂಲೆಗೆ ನಾಲ್ಕು ಎಕ್ಸ್‌ಟೆನ್ಷನ್ ಸ್ಪ್ರಿಂಗ್, ಅಂದರೆ ಎಳೆದಾಗ ಹಿಗ್ಗುವ ಸ್ಪ್ರಿಂಗ್, ಕಟ್ಟಿದೆವು. ನಾಲ್ಕೂ ಸೇರಿ 40 ಕಿಲೋ ತಡೆಯಬೇಕು ಎಂದು ಹೇಳಿ ತಂದದ್ದು. ಈಗ ಹಲಗೆ ಇಳಿಯುವುದೇ ಇಲ್ಲ. ಒಂದು ಬಕೆಟ್ ಸುರಿದರೆ ಬೆರಳಗಲ ಇಳಿಯುತ್ತದೆ ಅಷ್ಟೆ. ಎರಡನೇ ಬಕೆಟ್‌ಗೇ ಮುಚ್ಚಳಗಳು ಅಂಚು ದಾಟಿ ನೆಲಕ್ಕೆ ಬೀಳುತ್ತವೆ. ಸ್ಪ್ರಿಂಗ್ ಸರಿಯಿಲ್ಲವೇ?

ಉತ್ತರ: ನಮಸ್ಕಾರ. ಸ್ಪ್ರಿಂಗ್ ಸರಿಯಾಗಿಯೇ ಇದೆ, ನಿಮ್ಮ ಕೆಲಸಕ್ಕೆ ತಕ್ಕದ್ದಲ್ಲ. ಈ ಬಿನ್ ಮಾಡುವವರಲ್ಲಿ ಹೆಚ್ಚಿನವರು ಮೊದಲು ಎಡವುವುದು ಇಲ್ಲೇ. "ಎಷ್ಟು ಕಿಲೋ ತಡೆಯುತ್ತದೆ" ಎಂದು ಕೇಳಿದರೆ ಸಿಗುವ ಉತ್ತರ ಸ್ಪ್ರಿಂಗ್ ಯಾವಾಗ ಹಾಳಾಗುತ್ತದೆ ಎನ್ನುವುದಕ್ಕೆ ಮಾತ್ರ. ನೀವು ಕೇಳಬೇಕಾದದ್ದು "ಒಂದು ಸೆಂ.ಮೀ. ಹಿಗ್ಗಲು ಎಷ್ಟು ತೂಕ ಬೇಕು" ಎಂದು. ಇದನ್ನೇ ಸ್ಪ್ರಿಂಗ್ ರೇಟ್ ಎನ್ನುವುದು. ಎಳೆತ ಎಷ್ಟೋ ಹಿಗ್ಗುವಿಕೆ ಅಷ್ಟು ಎಂದು ರಾಬರ್ಟ್ ಹುಕ್ 1678ರಲ್ಲಿ ಬರೆದ ನಿಯಮದ ಮೇಲೆಯೇ ಈ ಬಿನ್ ನಿಂತಿದೆ.

ಹೀಗೆ ಯೋಚಿಸಿ. ಬಿನ್‌ನಲ್ಲಿ ಒಂದು ಸೆಂ.ಮೀ. ದಪ್ಪದ ಮುಚ್ಚಳದ ಪದರ ಹರಡಿದ್ದೀರಿ. ಆ ಪದರದ ತೂಕಕ್ಕೆ ಹಲಗೆ ಸರಿಯಾಗಿ ಒಂದು ಸೆಂ.ಮೀ. ಇಳಿದರೆ ಮೇಲ್ಮಟ್ಟ ಕದಲುವುದಿಲ್ಲ. ಮುಂದಿನ ಪದರಕ್ಕೆ ಇನ್ನೊಂದು ಸೆಂ.ಮೀ., ಹೀಗೆಯೇ ತಳದವರೆಗೆ. ಒಟ್ಟು ತೂಕ ಎಷ್ಟಾದರೂ ಇರಲಿ, ಲೆಕ್ಕಕ್ಕೆ ಬರುವುದು ಒಂದು ಪದರದ ತೂಕ.

ಬಿನ್‌ನ ಒಳ ಅಳತೆ, ಒಂದು ಬಕೆಟ್ ಎಷ್ಟು ಲೀಟರ್, ಅದರಲ್ಲಿ ಹಿಡಿಯುವ ಮುಚ್ಚಳದ ತೂಕ ಎಷ್ಟು, ಇಷ್ಟು ತಿಳಿಸಿ. ತೂಗುವಾಗ ಬಕೆಟನ್ನು ಕುಟ್ಟಬೇಡಿ, ಒತ್ತಬೇಡಿ. ದಿನವೂ ಹೇಗೆ ಸುರಿಯುತ್ತೀರೋ ಹಾಗೆಯೇ ತುಂಬಿ, ಐದಾರು ಸಲ ತೂಗಿ ಸರಾಸರಿ ತೆಗೆಯಿರಿ.

ಮೊದಲ ಪ್ರಶ್ನೆ ಕೇಳಿದವರು: ತೂಗಿದೆವು ಮೇಡಂ. ಬಿನ್ ಒಳಗೆ 60 ಸೆಂ.ಮೀ. ಉದ್ದ, 40 ಅಗಲ. ಹಲಗೆ ಇಳಿಯಲು 50 ಸೆಂ.ಮೀ. ಜಾಗವಿದೆ. ಬಕೆಟ್ 20 ಲೀಟರಿನದು, ಅದರಲ್ಲಿ 5 ಕಿಲೋ ಮುಚ್ಚಳ. ಹಲಗೆಯೇ 3 ಕಿಲೋ ಇದೆ.

ಉತ್ತರ: ಅಂದರೆ ಲೀಟರಿಗೆ ಕಾಲು ಕಿಲೋ. ನಿಮ್ಮ ಬಿನ್‌ನಲ್ಲಿ ಒಂದು ಸೆಂ.ಮೀ. ಪದರ ಎಂದರೆ 2.4 ಲೀಟರ್, ತೂಕ 600 ಗ್ರಾಂ. ಹಾಗಾದರೆ ನಾಲ್ಕೂ ಸ್ಪ್ರಿಂಗ್ ಸೇರಿ ಸೆಂ.ಮೀ.ಗೆ 600 ಗ್ರಾಂ, ಒಂದೊಂದಕ್ಕೆ 150 ಗ್ರಾಂ. ತುಂಬಿದ ಬಿನ್‌ನಲ್ಲಿ 30 ಕಿಲೋ ಇರುತ್ತದೆ.

ಈಗ ನಿಮ್ಮ ಹಳೆಯದನ್ನು ನೋಡೋಣ. ಒಂದು ಬಕೆಟ್ ಸುರಿದರೆ ಬಿನ್‌ನಲ್ಲಿ ಎಂಟೂ ಚಿಲ್ಲರೆ ಸೆಂ.ಮೀ. ಎತ್ತರ ಬರುತ್ತದೆ, ಹಲಗೆಯೂ ಅಷ್ಟೇ ಇಳಿಯಬೇಕಿತ್ತು. ಬೆರಳಗಲ ಎಂದಿದ್ದೀರಿ. ಅದನ್ನು ಸುಮಾರು 1.7 ಸೆಂ.ಮೀ. ಎಂದುಕೊಂಡರೆ ಆ ಸ್ಪ್ರಿಂಗ್‌ಗಳು ಬೇಕಾದದ್ದಕ್ಕಿಂತ ಐದು ಪಟ್ಟು ಬಿಗಿ.

ಹಲಗೆಯ 3 ಕಿಲೋ ತೂಕಕ್ಕೆ ಹೆದರಬೇಕಿಲ್ಲ. ಅದರಿಂದ ಖಾಲಿ ಹಲಗೆ 5 ಸೆಂ.ಮೀ. ಕೆಳಗೆ ನಿಲ್ಲುತ್ತದೆ ಅಷ್ಟೆ, ರೇಟ್ ಬದಲಾಗುವುದಿಲ್ಲ. ಬಿಡಿ ಸಾಮಾನಿಗೆ ಅಂಚಿನಿಂದ ಅಷ್ಟು ತಗ್ಗು ಇರುವುದೇ ಒಳ್ಳೆಯದು, ಕೈ ಆಡಿಸಿದಾಗ ಹೊರಗೆ ಚೆಲ್ಲುವುದಿಲ್ಲ. ಆದರೆ ಇಳಿಯುವ ಜಾಗದಲ್ಲಿ ಆ 5 ಸೆಂ.ಮೀ. ಕಳೆದುಹೋಗಬಾರದು. ಸ್ಪ್ರಿಂಗ್ ಹಲಗೆಯ ತೂಕವನ್ನೂ ಸೇರಿಸಿ ಪೂರಾ 55 ಸೆಂ.ಮೀ. ಹಿಗ್ಗುವಂತಿರಬೇಕು.

ಮೊದಲ ಪ್ರಶ್ನೆ ಕೇಳಿದವರು: ಹಳೆ ಸ್ಪ್ರಿಂಗ್ ಇಟ್ಟುಕೊಂಡೇ ಚಲಿಸುವ ರಾಟೆ ಹಾಕಿದರೆ ಆಗುವುದಿಲ್ಲವೇ? ರಾಟೆ ಹಾಕಿದರೆ ಬಿಗಿ ಕಡಿಮೆಯಾಗುತ್ತದೆ ಎಂದು ನಮ್ಮ ಫಿಟ್ಟರ್ ಹೇಳುತ್ತಾರೆ.

ಉತ್ತರ: ಫಿಟ್ಟರ್ ಹೇಳಿದ್ದು ನಿಜ. ಸ್ಪ್ರಿಂಗ್ ತುದಿಗೆ ಚಲಿಸುವ ರಾಟೆ ಹಾಕಿ ವೈರ್ ರೋಪ್ ಸುತ್ತಿದರೆ ಹಲಗೆ ಎರಡು ಸೆಂ.ಮೀ. ಇಳಿದಾಗ ಸ್ಪ್ರಿಂಗ್ ಒಂದೇ ಸೆಂ.ಮೀ. ಹಿಗ್ಗುತ್ತದೆ, ಎಳೆತವೂ ಹಲಗೆಗೆ ಅರ್ಧವೇ ತಲುಪುತ್ತದೆ. ಎರಡೂ ಸೇರಿ ಬಿಗಿ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ನಿಮ್ಮ ಐದು ಪಟ್ಟು ಒಂದೂಕಾಲು ಪಟ್ಟಿಗೆ ಬರುತ್ತದೆ, ಹತ್ತಿರವೇ.

ಆದರೂ ಬೇಡ ಎನ್ನುತ್ತೇನೆ. ಒಟ್ಟು 40 ಕಿಲೋ ತಡೆಯುವ, ಸೆಂ.ಮೀ.ಗೆ 3 ಕಿಲೋ ಕೇಳುವ ಸ್ಪ್ರಿಂಗ್ ಹಿಗ್ಗಬಲ್ಲದ್ದು ಸುಮಾರು 13 ಸೆಂ.ಮೀ. ಮಾತ್ರ. ರಾಟೆ ಹಾಕಿದರೂ ನಿಮಗೆ 25 ಸೆಂ.ಮೀ.ಗೂ ಮೇಲೆ ಬೇಕು. ಅರ್ಧ ದಾರಿಯಲ್ಲೇ ಅವು ಸೋತು ಉದ್ದವಾಗಿಬಿಡುತ್ತವೆ, ಮತ್ತೆ ಮೊದಲಿನ ಅಳತೆಗೆ ಮರಳುವುದಿಲ್ಲ. ರಾಟೆ ಬಿಗಿಯನ್ನು ಬದಲಿಸಬಹುದು, ಸ್ಪ್ರಿಂಗ್ ತನ್ನೊಳಗೆ ಹಿಡಿದಿಡಬಲ್ಲ ಶಕ್ತಿಯನ್ನು ಹೆಚ್ಚಿಸಲಾರದು. ಹೊಸದನ್ನೇ ಸುತ್ತಿಸಿ. ಆರ್ಡರ್ ಕೊಡುವಾಗ ಸೆಂ.ಮೀ.ಗೆ 150 ಗ್ರಾಂ ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ ಎಂದು ಬರೆಸಿ. ಕಡಿಮೆ ಏಕೆ ಎಂದರೆ, ಬಿಗಿ ಹೆಚ್ಚಾದರೆ ತುಂಬಿದಾಗ ಸಾಮಾನು ಅಂಚು ದಾಟಿ ಚೆಲ್ಲುತ್ತದೆ. ಸಡಿಲವಾದರೆ ಮಟ್ಟ ಸ್ವಲ್ಪ ತಗ್ಗುತ್ತದೆ, ಅಷ್ಟೇ.

ಪ್ರಶ್ನೆ: ನಾನು ಲಾಂಡ್ರಿ ವಿಭಾಗ ನೋಡಿಕೊಳ್ಳುವವನು. ಒಂದೇ ಟ್ರಾಲಿಯಲ್ಲಿ ಒಮ್ಮೆ ಒಣಗಿದ ಬಟ್ಟೆ, ಒಮ್ಮೆ ಹಿಂಡಿದ ಒದ್ದೆ ಬಟ್ಟೆ ಹಾಕುತ್ತೇವೆ. ಎರಡಕ್ಕೂ ಒಂದೇ ಸ್ಪ್ರಿಂಗ್ ಆಗುತ್ತದೆಯೇ?

ಉತ್ತರ: ವ್ಯತ್ಯಾಸ ಎಷ್ಟು ಎನ್ನುವುದರ ಮೇಲಿದೆ. ಸಾಮಾನು ಲೆಕ್ಕಕ್ಕಿಂತ ಶೇ 20 ಭಾರವಾಗಿದೆ ಎನ್ನಿ. 10 ಸೆಂ.ಮೀ. ತುಂಬಿದಾಗ ಹಲಗೆ 12 ಇಳಿಯುತ್ತದೆ, ಮೇಲ್ಮಟ್ಟ 2 ಸೆಂ.ಮೀ. ತಗ್ಗಿರುತ್ತದೆ. 40 ತುಂಬಿದಾಗ 8 ಸೆಂ.ಮೀ. ತಗ್ಗು. ತಪ್ಪು ಬೆಳೆಯುವುದು ಬಿನ್ ತುಂಬಿದಂತೆ. ಖಾಲಿಯಾಗುತ್ತ ಬಂದಾಗ, ಅಂದರೆ ಜನ ನಿಜವಾಗಿ ಬಗ್ಗಬೇಕಾಗಿದ್ದ ಹೊತ್ತಿನಲ್ಲಿ, ಮಟ್ಟ ತಾನಾಗಿ ಸರಿಹೋಗುತ್ತದೆ. ಅದಕ್ಕೇ ಶೇ 20ರಷ್ಟು ಏರುಪೇರಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಒಣಗಿದ್ದು ಮತ್ತು ಒದ್ದೆಯದರ ನಡುವೆ ಅಂತರ ಅದಕ್ಕಿಂತ ಬಹಳ ಹೆಚ್ಚು. ಒಣ ಬಟ್ಟೆಯ ಸ್ಪ್ರಿಂಗ್ ಮೇಲೆ ಒದ್ದೆಯದನ್ನು ಹಾಕಿದರೆ ಹಲಗೆ ಬೇಗ ತಳ ಸೇರುತ್ತದೆ, ಆಮೇಲೆ ಅದು ಮಾಮೂಲಿ ಟ್ರಾಲಿಯೇ. ಮೂಲೆಗೊಂದರ ಬದಲು ಮೂರು ಮೂರು ತೆಳು ಸ್ಪ್ರಿಂಗ್ ಹಾಕಿ. ಒಣಗಿದ್ದಕ್ಕೆ ಕೆಲವನ್ನು ಕಳಚಿಡಿ, ಒದ್ದೆಯದಕ್ಕೆ ಎಲ್ಲವನ್ನೂ ಸಿಕ್ಕಿಸಿ. ತಟ್ಟೆ ಜೋಡಿಸುವ ಸ್ಪ್ರಿಂಗ್ ಸ್ಟ್ಯಾಂಡ್‌ಗಳಲ್ಲಿ ಬೇರೆ ಬೇರೆ ತೂಕದ ತಟ್ಟೆಗೆ ಹೊಂದಿಸುವುದು ಇದೇ ರೀತಿ. ಕಳಚುವುದಾದರೆ ನಾಲ್ಕೂ ಮೂಲೆಯಲ್ಲಿ ಸಮನಾಗಿ ಕಳಚಿ, ಹಲಗೆ ಖಾಲಿ ಇದ್ದಾಗ ಮಾತ್ರ.

ಪ್ರಶ್ನೆ: ತೇವಕ್ಕೆ ತುಕ್ಕು ಹಿಡಿಯುತ್ತದೆ ಎಂದು ಸ್ಟೀಲ್ ಸ್ಪ್ರಿಂಗ್ ತೆಗೆದು ಅದೇ ಅಳತೆಯ ಸ್ಟೇನ್‌ಲೆಸ್ ಹಾಕಿಸಿದೆವು. ತಂತಿ ದಪ್ಪ, ಸುತ್ತು, ಉದ್ದ ಎಲ್ಲ ಒಂದೇ. ಆದರೂ ತುಂಬಿದಾಗ ಮೊದಲಿಗಿಂತ ಕೆಳಗೆ ಕೂರುತ್ತಿದೆ. ಮೋಸ ಹೋದೆವಾ?

ಉತ್ತರ: ಇಲ್ಲ, ಲೋಹದ ಗುಣವೇ ಹಾಗೆ. ತಿರುಚುವಿಕೆಗೆ ಒಡ್ಡುವ ಪ್ರತಿರೋಧ ಸಾಮಾನ್ಯ ಸ್ಪ್ರಿಂಗ್ ಸ್ಟೀಲ್‌ನಲ್ಲಿ ಸುಮಾರು 79 ಗಿಗಾಪ್ಯಾಸ್ಕಲ್, 302 ಅಥವಾ 304 ದರ್ಜೆಯ ಸ್ಟೇನ್‌ಲೆಸ್‌ನಲ್ಲಿ ಸುಮಾರು 69. ಅಳತೆ ಒಂದೇ ಆದರೂ ಸ್ಪ್ರಿಂಗ್ ಶೇ 12–13ರಷ್ಟು ಮೆತ್ತಗಾಗುತ್ತದೆ. ಮುಂದಿನ ಸಲ ಸುತ್ತು ಕಡಿಮೆ ಮಾಡಿಸಿ, 80 ಇದ್ದರೆ 70. ಆದರೆ ಸುತ್ತು ಕಡಿಮೆಯಾದರೆ ಅಷ್ಟೇ ಹಿಗ್ಗುವಿಕೆಗೆ ತಂತಿಯ ಮೇಲೆ ಒತ್ತಡ ಹೆಚ್ಚುತ್ತದೆ. ತಡೆಯುತ್ತದೆಯೇ ಎಂದು ಮಾಡುವವರಿಂದ ಲೆಕ್ಕ ಹಾಕಿಸಿ. ಇರುವುದನ್ನೇ ಕತ್ತರಿಸಿ ತುದಿಯನ್ನು ಇಕ್ಕಳದಲ್ಲಿ ಬಗ್ಗಿಸಿ ಕೊಕ್ಕೆ ಮಾಡಬೇಡಿ. ಎಕ್ಸ್‌ಟೆನ್ಷನ್ ಸ್ಪ್ರಿಂಗ್ ಸಾಮಾನ್ಯವಾಗಿ ಮುರಿಯುವುದು ಕೊಕ್ಕೆಯ ಬಾಗಿನಲ್ಲೇ.

ತಂತಿಯ ದಪ್ಪದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬಿಗಿ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ. ದಪ್ಪ ಶೇ 10 ಹೆಚ್ಚಿದರೆ ಬಿಗಿ ಶೇ 46 ಹೆಚ್ಚಾಯಿತು. "ಒಂದು ಸೈಜ್ ದಪ್ಪ ಹಾಕಿ" ಎಂಬ ಸಲಹೆ ಕೊಡುವವರಿಗೆ ಇದನ್ನು ಹೇಳಿ.

ಪ್ರಶ್ನೆ: ಸುರುಳಿ ಪಟ್ಟಿಯ ಕಾನ್‌ಸ್ಟೆಂಟ್ ಫೋರ್ಸ್ ಸ್ಪ್ರಿಂಗ್ ಹಾಕಿದರೆ ಇನ್ನೂ ನಯವಾಗಿ ಓಡುವುದಿಲ್ಲವೇ?

ಉತ್ತರ: ಅದರ ಎಳೆತ ಎಷ್ಟು ಬಿಚ್ಚಿದರೂ ಒಂದೇ. ನಮಗೆ ಬೇಕಾದದ್ದು ಇಳಿದಷ್ಟೂ ಹೆಚ್ಚುವ ಎಳೆತ. ಅದನ್ನು ಹಾಕಿದರೆ ಒಂದು ತೂಕದವರೆಗೆ ಹಲಗೆ ಮೇಲೆಯೇ ಅಂಟಿಕೊಂಡಿರುತ್ತದೆ, ಅದನ್ನು ದಾಟಿದ ಕೂಡಲೇ ತಳಕ್ಕೆ ಧಡಕ್ಕನೆ ಕೂರುತ್ತದೆ. ಹಲಗೆಯ ಸ್ವಂತ ತೂಕವನ್ನು ಹೊರಲು ಅದು ಸರಿ, ಸಾಮಾನಿಗಲ್ಲ.

ಪ್ರಶ್ನೆ: ಮೇಡಂ, ನಮ್ಮ ಬಿನ್‌ನಲ್ಲಿ ಹಲಗೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಕೈಯಿಂದ ಗುದ್ದಿದರೆ ಒಮ್ಮೆಲೇ ಮೇಲೆ ಹಾರುತ್ತದೆ. ಬೋಲ್ಟು, ವಾಷರ್ ಹಾಕುವ ಬಿನ್. ಕೆಲವು ಸಂದಿಯಲ್ಲಿ ಕೆಳಗೆ ಬಿದ್ದುಹೋಗುತ್ತವೆ.

ಉತ್ತರ: ಮೊದಲು ಒಂದು ಮಾತು: ಗುದ್ದಬೇಡಿ, ಒಳಗೆ ಕೈ ಇಡಬೇಡಿ. ತುಂಬಿದ ಬಿನ್‌ನ ಸ್ಪ್ರಿಂಗ್‌ಗಳಲ್ಲಿ ಶಕ್ತಿ ಕಟ್ಟಿಕೊಂಡಿರುತ್ತದೆ. ಮೇಲೆ ಹೇಳಿದ 30 ಕಿಲೋ ಮುಚ್ಚಳದ ಬಿನ್‌ನಲ್ಲೇ ಅದು ಸುಮಾರು 74 ಜೂಲ್, ಏಳೂವರೆ ಕಿಲೋ ಕಲ್ಲು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಹಲಗೆ ಸಿಕ್ಕಿಕೊಂಡಿರುವಾಗ ಮೇಲಿನ ಸಾಮಾನು ತೆಗೆದರೆ ಆ ಶಕ್ತಿ ಬಿಡುಗಡೆಗೆ ಕಾಯುತ್ತ ಕೂತಿರುತ್ತದೆ. ಬಿಡಿಸುವ ಮುನ್ನ ಹಲಗೆಗೆ ಅಡ್ಡಲಾಗಿ ಸರಳು ತೂರಿಸಿ ತಡೆಯಿರಿ. ಬಿನ್‌ನಲ್ಲಿ ಅಂಥ ತೂತುಗಳಿಲ್ಲದಿದ್ದರೆ ಮಾಡಿಸಿಕೊಳ್ಳಿ. ಮೇಲ್ತುದಿಯಲ್ಲಿ ರಬ್ಬರ್ ಬಫರ್ ಇರಲೇಬೇಕು.

ಸಿಕ್ಕಿಕೊಳ್ಳಲು ನನಗೆ ಕಾಣುವ ಕಾರಣ ಎರಡು. ಜನ ಯಾವಾಗಲೂ ತಮ್ಮ ಕಡೆಯಿಂದ ಬಾಚುತ್ತಾರೆ, ರಾಶಿಯ ಭಾರ ಆಚೆ ಬದಿಗೆ ಸರಿಯುತ್ತದೆ, ಹಲಗೆ ವಾಲುತ್ತದೆ. ಒಂದು ಕಡೆ ಎಳೆದಾಗ ಮೇಜಿನ ಡ್ರಾಯರ್ ಓರೆಯಾಗಿ ಹಿಡಿದುಕೊಳ್ಳುತ್ತದಲ್ಲ, ಅದೇ ಇದು. ಹಲಗೆ ನೇರವಾಗಿ ಸರಿಯುವಂತೆ ಹಿಡಿದಿಡುವ ಭಾಗಕ್ಕೆ ಗೈಡ್ ಎನ್ನುತ್ತೇವೆ. ಗೈಡ್‌ನ ಎತ್ತರ, ಭಾರ ನಡುವಿನಿಂದ ಸರಿದ ದೂರವನ್ನು ಘರ್ಷಣೆಯ ಗುಣಾಂಕದ ಎರಡರಷ್ಟರಿಂದ ಗುಣಿಸಿದಾಗ ಬರುವುದಕ್ಕಿಂತ ಹೆಚ್ಚಿರಬೇಕು. ಭಾರ 20 ಸೆಂ.ಮೀ. ಸರಿದು, ಗುಣಾಂಕ 0.2 ಇದ್ದರೆ 8 ಸೆಂ.ಮೀ. ಬರುತ್ತದೆ. ನಾನು ಅದರ ಮೂರು ಪಟ್ಟು ಇಡುತ್ತೇನೆ. ಬರೀ ಚಪ್ಪಟೆ ಹಲಗೆಗೆ ಗೈಡ್ ಎತ್ತರವೇ ಇರುವುದಿಲ್ಲ. ಹಲಗೆಯ ಕೆಳಗೆ ಚೌಕಟ್ಟು ಇಳಿಬಿಟ್ಟು ಅದಕ್ಕೆ ರೋಲರ್ ಕೊಡಿ, ಅಥವಾ ಕತ್ತರಿಯಂತೆ ಮಡಚಿ ಹಲಗೆಯನ್ನು ಮಟ್ಟವಾಗಿಡುವ ಜೋಡಣೆ ಹಾಕಿ.

ಎರಡನೆಯದು ಸಂದಿ. ಸಂದಿ ವಾಷರ್‌ನ ದಪ್ಪಕ್ಕೆ ಸಮೀಪ ಇದ್ದರೆ ಅದಕ್ಕಿಂತ ಕೆಟ್ಟದ್ದಿಲ್ಲ. ವಾಷರ್ ಅರ್ಧ ಒಳಗೆ ಹೋಗಿ ಬೆಣೆಯಂತೆ ಕೂರುತ್ತದೆ. ಅಷ್ಟು ಸಣ್ಣ ಸಾಮಾನಿಗೆ ಸಂದಿ ಕಿರಿದು ಮಾಡುತ್ತ ಹೋಗುವುದು ಬೇಡ. ಸುತ್ತಲಿನ ಅಂಚಿನಿಂದ ಹಲಗೆಯವರೆಗೆ ಗಟ್ಟಿ ಬಟ್ಟೆಯ ಮಡಿಕೆ ಚೀಲ ಹೊಲಿಸಿ ಬಿಗಿಯಿರಿ, ಸಂದಿಯೇ ಇಲ್ಲದಂತಾಗುತ್ತದೆ. ಮಡಿಕೆಗಳು ಹೊರಮುಖವಾಗಿ ಕುಸಿಯುವಂತೆ ಹೊಲಿಸಬೇಕು. ಒಳಮುಖವಾದರೆ ಸಾಮಾನು ಅವುಗಳಲ್ಲಿ ಸಿಕ್ಕಿ ಚೀಲ ಹರಿಯುತ್ತದೆ.

ಬಿನ್ ಅಗಲಕ್ಕಿಂತ ಬಹಳ ಆಳವಾಗಿದ್ದರೆ ಇನ್ನೊಂದು ತೊಡಕಿದೆ. ತಗಡಿನ ಗೋಡೆಯ ಘರ್ಷಣೆಯೇ ಸಾಮಾನಿನ ಒಂದಷ್ಟು ಭಾರ ಹೊರುತ್ತದೆ, ತಳಕ್ಕೆ ಪೂರ್ತಿ ತೂಕ ಮುಟ್ಟುವುದಿಲ್ಲ. ಧಾನ್ಯದ ಸೈಲೋಗಳಲ್ಲಿ ಯಾನ್ಸೆನ್ ಎಂಬ ಜರ್ಮನ್ ಎಂಜಿನಿಯರ್ 1895ರಲ್ಲಿ ಇದರ ಲೆಕ್ಕ ಬಿಡಿಸಿದರು. ಅದಕ್ಕೇ ನಾನು ಆಳವನ್ನು ಅಗಲಕ್ಕಿಂತ ಹೆಚ್ಚು ಮಾಡಲು ಒಪ್ಪುವುದು ಅಪರೂಪ.

ಒಬ್ಬ ಸದಸ್ಯರು: ಸ್ಪಿನ್ನಿಂಗ್ ಮಿಲ್‌ನಲ್ಲಿ ಸ್ಲೈವರ್, ಅಂದರೆ ನೂಲಾಗುವ ಮೊದಲಿನ ಸಡಿಲ ಹತ್ತಿ ಎಳೆ, ತುಂಬಿಡುವ ಕ್ಯಾನ್‌ಗಳ ತಳದಲ್ಲಿ ಇಂಥದ್ದೇ ಸ್ಪ್ರಿಂಗ್ ನೋಡಿದ್ದೆ.

ಉತ್ತರ: ಹೌದು, ಅದೇ ತತ್ವ. ಅಲ್ಲಿ ಕಾಪಾಡುವುದು ಸೊಂಟವನ್ನಲ್ಲ, ಎಳೆಯನ್ನು. ಸ್ಲೈವರ್ ಮೇಲಿನಿಂದ ಆಳಕ್ಕೆ ಜೋತಾಡಿದರೆ ತನ್ನ ಭಾರಕ್ಕೇ ಹಿಗ್ಗಿ ತೆಳುವಾಗುತ್ತದೆ.

ಪ್ರಶ್ನೆ: ಇಷ್ಟೆಲ್ಲ ಮಾಡುವ ಬದಲು ಬಿನ್‌ಗೆ ಎತ್ತರದ ಸ್ಟ್ಯಾಂಡ್ ಹಾಕಿದರೆ ಸಾಲದೇ? ಮ್ಯಾನೇಜರ್ ಕೇಳುತ್ತಿದ್ದಾರೆ.

ಉತ್ತರ: ಸಾಲದು. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯಾಷ್ (NIOSH) ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಎತ್ತುವ ಸೂತ್ರವನ್ನು ಅವರಿಗೆ ತೋರಿಸಿ. ಎರಡು ಕೈಯಿಂದ ಎತ್ತುವ ಕೆಲಸಕ್ಕೆ ಅದು. ಎಲ್ಲವೂ ಅನುಕೂಲವಾಗಿದ್ದರೆ ಮಿತಿ 23 ಕಿಲೋ, ಒಳ್ಳೆಯ ಎತ್ತರ 75 ಸೆಂ.ಮೀ. ನೆಲಮಟ್ಟದಿಂದ ಎತ್ತಿದರೆ ಆ ಮಿತಿಯನ್ನು 0.775ರಿಂದ ಗುಣಿಸಬೇಕು. ಆದರೆ ಕೈಯನ್ನು ಮೈಯಿಂದ 25 ಸೆಂ.ಮೀ. ಬದಲು 50 ಸೆಂ.ಮೀ. ಮುಂದೆ ಚಾಚಿದರೆ 0.5ರಿಂದ. ಎರಡೂ ಸೇರಿದರೆ 23 ಕಿಲೋ 9ಕ್ಕೆ ಇಳಿಯಿತು. ಚಾಚುವುದೇ ಹೆಚ್ಚು ಕಷ್ಟ ಕೊಡುವುದು ಎಂದು ಇದರಲ್ಲೇ ಕಾಣುತ್ತದೆ. ಆಳವಾದ ಬಿನ್‌ಗೆ ಸ್ಟ್ಯಾಂಡ್ ಹಾಕಿದರೆ ಅಂಚು ಎದೆಯ ಮಟ್ಟಕ್ಕೆ ಬರುತ್ತದೆ, ಒಳಗೆ ಚಾಚುವುದು ತಪ್ಪುವುದಿಲ್ಲ. ಕುಳ್ಳಗಿನವರಿಗಂತೂ ತಳ ಸಿಗುವುದೇ ಇಲ್ಲ.

ಮೊದಲ ಪ್ರಶ್ನೆ ಕೇಳಿದವರು: ಹೊಸ ಸ್ಪ್ರಿಂಗ್ ಬಂತು ಮೇಡಂ. ಒಂದು ಬಕೆಟ್‌ಗೆ ಒಂಬತ್ತು ಸೆಂ.ಮೀ. ಇಳಿಯುತ್ತಿದೆ. ಪ್ಯಾಕಿಂಗ್‌ನವರು ನೆಟ್ಟಗೆ ನಿಂತೇ ತೆಗೆಯುತ್ತಿದ್ದಾರೆ. ಇನ್ನೇನು ನೋಡಬೇಕು?

ಉತ್ತರ: ತುಂಬ ಸಂತೋಷವಾಯಿತು! ಒಂಬತ್ತು ಸರಿಯಾಗಿದೆ, ಸಡಿಲದ ಕಡೆಗೇ ಇದೆ. ತುಂಬಿದಾಗ ಮೇಲ್ಮಟ್ಟ ಮೂರು ನಾಲ್ಕು ಸೆಂ.ಮೀ. ತಗ್ಗಬಹುದು ಅಷ್ಟೆ. ವಾರಕ್ಕೊಮ್ಮೆ ಹಲಗೆ ಖಾಲಿ ಮಾಡಿ ನಾಲ್ಕೂ ಮೂಲೆ ಅಂಚಿನಿಂದ ಎಷ್ಟು ತಗ್ಗಿದೆ ಎಂದು ಟೇಪ್ ಹಿಡಿದು ಅಳೆದು ಬರೆದಿಡಿ. ಒಂದು ಮೂಲೆ ಮಾತ್ರ ಇಳಿಯುತ್ತಿದ್ದರೆ ಅಲ್ಲಿನ ಸ್ಪ್ರಿಂಗ್ ಸೋಲುತ್ತಿದೆ. ಆಗ ನಾಲ್ಕನ್ನೂ ಒಟ್ಟಿಗೇ ಬದಲಿಸಿ. ಪ್ರತಿ ಮೂಲೆಗೆ ಸ್ಪ್ರಿಂಗ್ ಜೊತೆ ಒಂದು ಸಡಿಲ ಸರಪಳಿಯನ್ನೂ ಕಟ್ಟಿ. ಕೊಕ್ಕೆ ಮುರಿದ ದಿನ ಹಲಗೆಯ ಆ ಮೂಲೆಯನ್ನು ಅದು ಹಿಡಿದುಕೊಳ್ಳುತ್ತದೆ.