ಅಪ್‌ಡೇಟ್: ಹೊರಗಿನ ಊಟದ ಖರ್ಚು, ಒಂದು ತಿಂಗಳ ಲೆಕ್ಕ

ನಮ್ಮದು ಜಯನಗರದಲ್ಲಿ ನಾಲ್ಕು ಜನರ ಮನೆ. ಹೊರಗಿನ ಊಟಕ್ಕೆ ತಿಂಗಳಿಗೆ ಹನ್ನೊಂದು ಸಾವಿರ ಆಗುತ್ತಿದೆ, ಇದು ಜಾಸ್ತಿ ಅಲ್ವಾ ಅಂತ ಹೋದ ತಿಂಗಳು ಇಲ್ಲಿ ಕೇಳಿದ್ದೆ. ಮೊದಲು ಒಂದು ತಿಂಗಳ ಖರ್ಚು ಬರೆದಿಡಿ ಅಂದಿರಿ. ಬರೆದಿಟ್ಟೆ.

ಆ ತಿಂಗಳು ಒಟ್ಟು 11,400 ರೂಪಾಯಿ. ಅದರಲ್ಲಿ ಭಾನುವಾರದ ಹೋಟೆಲ್ ಊಟ 3,200 ಮಾತ್ರ. ಆಫೀಸಿನ ಕಾಫಿ, ತಿಂಡಿ 1,300. ಉಳಿದ 6,900 ಪೂರ್ತಿ ಆ್ಯಪ್ ಆರ್ಡರ್! ಹೆಚ್ಚಿನವು ವಾರದ ಮಧ್ಯೆ, ರಾತ್ರಿ ಎಂಟೂವರೆಗೆ, ಟ್ರಾಫಿಕ್‌ನಲ್ಲಿ ಸುಸ್ತಾಗಿ ಬಂದಾಗ ಮಾಡಿದ್ದು. ಒಂದೇ ಮಸಾಲೆ ದೋಸೆಗೆ ಅಂಗಡಿಯ ಬೆಲೆ ಬೇರೆ, ಆ್ಯಪ್‌ನಲ್ಲಿ ಬೇರೆ. ಮೇಲೆ ಪ್ಯಾಕಿಂಗ್, ಡೆಲಿವರಿ, ಪ್ಲಾಟ್‌ಫಾರ್ಮ್ ಶುಲ್ಕ.

ಈಗ ಭಾನುವಾರವೇ ದೋಸೆ ಹಿಟ್ಟು ರುಬ್ಬಿ ಫ್ರಿಜ್‌ನಲ್ಲಿ ಇಡುತ್ತೇವೆ. ಸುಸ್ತಾದ ದಿನ ದರ್ಶಿನಿಗೆ ನಡೆದು ಹೋಗಿ ನಿಂತೇ ತಿಂದು ಬರುತ್ತೇವೆ. ಈ ತಿಂಗಳು 7,150 ಆಯಿತು.

ಸರ್ವಿಸ್ ಚಾರ್ಜ್ ಬಗ್ಗೆ ಹೇಳಿದವರಿಗೆ ತುಂಬಾ ಥ್ಯಾಂಕ್ಸ್. 2022ರ ಜುಲೈನ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಪ್ರಕಾರ ಹೋಟೆಲ್‌ನವರು ಅದನ್ನು ತಾವಾಗಿಯೇ ಬಿಲ್‌ಗೆ ಸೇರಿಸುವಂತಿಲ್ಲ. ಒಂದು ಕಡೆ ಸೇರಿಸಿದ್ದರು. ಕೇಳಿದೆ, ತೆಗೆದರು.

ಗಾಂಧಿ ಬಜಾರಿನ ಭಾನುವಾರದ ತಿಂಡಿ ಮಾತ್ರ ಬಿಟ್ಟಿಲ್ಲ. ಅಮ್ಮ ವಾರವೆಲ್ಲಾ ಅದಕ್ಕೇ ಕಾಯುತ್ತಾರೆ.